ಹಾಡು ಕಲಿಸಿದ ಕೈ

ಹಾಡು ಕಲಿಸುವವರಿಗೆ ಏನೇನು ಗೊತ್ತಿರಬೇಕೋ ಅದೊಂದೂ ನನಗೆ ಗೊತ್ತಿರಲಿಲ್ಲ. ಗಂಟಲಿತ್ತು, ಕೈಯಿತ್ತು. ಗಂಟಲಿನಿಂದ ಯಾರಿಗೂ ತೊಂದರೆಯಾಗಲಿಲ್ಲ. ಕೈಯಿಂದ ಒಂದು ಹುಡುಗಿಯ ಕಿವಿಯಲ್ಲಿ ರಕ್ತ ಬಂತು.

ನಮ್ಮ ಚರ್ಚು ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿದೆ. ಸಣ್ಣದು. ಸುತ್ತ ಕಾಫಿ ತೋಟ. ಪೂಜೆಗೆ ಬರುವವರಲ್ಲಿ ಮುಕ್ಕಾಲು ಪಾಲು ಎಸ್ಟೇಟಿನ ಲೈನುಮನೆಗಳಲ್ಲಿರುವ ಕೂಲಿಯವರು. ಮಕ್ಕಳಿಗೆ ಹಾಡು ಕಲಿಸುತ್ತಿದ್ದ ಸಿಸ್ಟರಿಗೆ ಚಿಕ್ಕಮಗಳೂರಿಗೆ ವರ್ಗವಾಯಿತು. ಹಾರ್ಮೋನಿಯಂ ನುಡಿಸುವವರು ಬೇರೆ ಇರಲಿಲ್ಲ. ಅದಕ್ಕೆ ಬಟ್ಟೆ ಹೊದಿಸಿ ಒಳಗಿಟ್ಟರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಕೇಳಿದರು, ಇನ್ನು ಮಕ್ಕಳನ್ನು ಯಾರು ನೋಡಿಕೊಳ್ಳುತ್ತೀರಿ ಎಂದು. ಎಲ್ಲರೂ ತಂತಮ್ಮ ಕೊಡೆ ಹುಡುಕತೊಡಗಿದರು.

ಫಾದರ್ ಇನ್ನೂ ಎಳೆಯ ಪ್ರಾಯದವರು, ಘಟ್ಟದ ಕೆಳಗಿನವರು. ನನ್ನ ಹತ್ತಿರ ಬಂದು, "ಅಜ್ಜಿ, ನಿಮ್ಮ ದನಿ ಹೊರಗೆ ಬಸ್‌ಸ್ಟಾಪಿಗೆ ಕೇಳ್ತದೆ. ನೀವೇ ನೋಡ್ಕೊಳ್ಳಿ" ಎಂದರು.

"ನಂಗೆ ಸರಿಗಮ ಗೊತ್ತಿಲ್ಲ ಫಾದರ್. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಒತ್ತಕ್ಷರ ಬಂದ್ರೆ ಈಗ್ಲೂ ಎಡವ್ತೀನಿ."

"ಮಕ್ಕಳು ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಿದ್ರೆ ಸಾಕು."

ಅದು ನನಗೆ ಗೊತ್ತಿದ್ದ ಕೆಲಸ. ಕಾಫಿ ಕುಯ್ಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಗಿಡ ಕೊಡುತ್ತಾರೆ. ಕೆಳಗಿನಿಂದ ಎಲ್ಲರೂ ಒಟ್ಟಿಗೆ ಶುರು ಮಾಡಿ ಹಣ್ಣು ಬಿಡಿಸುತ್ತಾ ಗುಡ್ಡ ಹತ್ತಬೇಕು. ತನ್ನ ಸಾಲು ಬಿಡಬಾರದು, ಪಕ್ಕದವಳ ಸಾಲಿಗೆ ಕೈ ಹಾಕಬಾರದು. ಹಾಕಿದರೆ ಹೊಡೆದಾಟ. ಒಬ್ಬಳು ಇನ್ನೊಬ್ಬಳ ಜಡೆ ಹಿಡಿದು ಗಿಡದ ಬುಡಕ್ಕೆ ತಲೆ ಜಜ್ಜಿದ್ದನ್ನು ನೋಡಿದ್ದೇನೆ. ಒಂದು ಸಲ ಜಡೆ ಹಿಡಿದವಳು ನಾನೇ.

ಒಂಬತ್ತು ವರ್ಷಕ್ಕೆ ತೋಟಕ್ಕೆ ಹೋದವಳು ನಾನು. ಮೊದಲ ವಾರದಲ್ಲಿ ಒಂದು ರೆಂಬೆ ಮುರಿದೆನೆಂದು ಮೇಸ್ತ್ರಿ ಅದೇ ರೆಂಬೆಯಲ್ಲಿ ಹೊಡೆದ. ಕಾಫಿ ಗಿಡದ ಕೋಲು ಬಳುಕುವುದಿಲ್ಲ, ಬೇಗ ಮುರಿಯುವುದೂ ಇಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಧಣಿಗಳ ಗಿಡ ಹಾಳು ಮಾಡಿದ್ದಕ್ಕೆ ಅಪ್ಪ ಇನ್ನಷ್ಟು ಕೊಟ್ಟ. ಆಮೇಲೆ ನಾನು ರೆಂಬೆ ಮುರಿಯಲಿಲ್ಲ. ಹೊಡೆದರೆ ಕಲಿಯುತ್ತಾರೆ ಎಂಬುದನ್ನು ನನಗೆ ಯಾರೂ ಬೇರೆಯಾಗಿ ಹೇಳಿಕೊಡಬೇಕಾಗಿರಲಿಲ್ಲ.

ಮದುವೆಯಾದ ಮೇಲೆ ಗಂಡ ಹೊಡೆದ. ಎರಡು ಹಲ್ಲು ಹೋದವು. ಮೂರನೆಯದು ಅಲ್ಲಾಡಿದ ದಿನ ಒಲೆಯ ಮೇಲೆ ಕುದಿಯುತ್ತಿದ್ದ ಗಂಜಿಯನ್ನು ಅವನ ಕಾಲಿನ ಮೇಲೆ ಸುರಿದೆ. ಅವನೂ ಕಲಿತ. ಆಮೇಲೆ ಆರು ವರ್ಷ ನನ್ನ ಮೇಲೆ ಕೈಯೆತ್ತದೆ ಬಾಳಿದ. ಒಂದು ಮರಗಸಿಯ ಕಾಲದಲ್ಲಿ ನೆರಳು ಮರ ಹತ್ತಿ ಕೊಂಬೆ ಕಡಿಯುವಾಗ ಬಿದ್ದು ಸತ್ತ. ಬಂದವರು ಅತ್ತರು. ನಾನು ಅವರಿಗೆ ಕಾಫಿ ಕಾಯಿಸಿ ಕೊಟ್ಟೆ.

ಒಂದೇ ಒಂದು ನಿಯಮ ಇಟ್ಟುಕೊಂಡಿದ್ದೆ. ಯಾರಿಗೆ ಹೊಡೆದರೂ ಕೆನ್ನೆಗೆ ಹೊಡೆಯಬಾರದು. ಅಪ್ಪನ ಕೈ ಬಿದ್ದು ಬಿದ್ದು ನನ್ನ ಅಮ್ಮನ ಒಂದು ಕಿವಿ ಸೋರುತ್ತಿತ್ತು. ಸಾಯುವವರೆಗೂ ಆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಇದ್ದಳು. ಅವಳ ಮಗ್ಗುಲಲ್ಲಿ ಮಲಗಿದರೆ ವಾಸನೆ ಬರುತ್ತಿತ್ತು. ಹಾಗಾಗಿ ನನ್ನದು ಅಂಗೈ, ಕುಂಡೆ, ಮೀನಖಂಡ. ಇಷ್ಟೇ ಜಾಗ.

ಹದಿನಾಲ್ಕು ಮಕ್ಕಳು ಬಂದರು. ಮೊದಲ ದಿನವೇ ಇಬ್ಬರು ಹುಡುಗರು ಮುಂದೆ ನಿಲ್ಲಲಿಕ್ಕೆ ಬಡಿದಾಡಿ ಒಬ್ಬನ ಹುಬ್ಬು ಒಡೆಯಿತು. ಗಾಯಕ್ಕೆ ಕಾಫಿಪುಡಿ ಒತ್ತಿ ರಕ್ತ ನಿಲ್ಲಿಸಿ, ಇಬ್ಬರಿಗೂ ನಾಲ್ಕು ನಾಲ್ಕು ಕೊಟ್ಟು ಹಿಂದಕ್ಕೆ ಹಾಕಿದೆ. ಅವತ್ತು ಒಂದು ಹಾಡೂ ಆಗಲಿಲ್ಲ. ಮಾರನೇ ದಿನ ಕಾಫಿ ಗಿಡದ ಕೋಲೊಂದನ್ನು ಸಿಪ್ಪೆ ತೆಗೆದು ನಯ ಮಾಡಿಕೊಂಡು ಹೋದೆ.

ನನ್ನ ತಾಳ ಅದೇ. ಕೋಲಿನಿಂದ ಬೆಂಚಿಗೆ ಬಡಿಯುತ್ತಿದ್ದೆ. ಮೊದಲನೇ ಬಡಿತಕ್ಕೆ ಉಸಿರು ಎಳೆದುಕೊಳ್ಳಬೇಕು, ಎರಡನೆಯದಕ್ಕೆ ಬಾಯಿ ತೆರೆಯಬೇಕು. ತೆರೆಯದವರ ಮೀನಖಂಡಕ್ಕೆ ಮೂರನೆಯದು. ಹಾಡುಗಳು ನನಗೆ ಬಾಯಿಗೆ ಬರುತ್ತಿದ್ದವು, ಅರವತ್ತು ವರ್ಷ ಕೇಳಿದವಲ್ಲ. ನಾನು ಒಂದು ಸಾಲು ಹೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಯಾರಾದರೂ ಮೇಲೆ ಹೋದರೆ ಏಟು, ಕೆಳಗೆ ಬಂದರೆ ಏಟು. ರಸ್ತೆಗೆ ಆನೆ ಬಂದಿದೆ ಎಂದು ಫೋನಿಗೆ ಸುದ್ದಿ ಬಂದ ದಿನಗಳಲ್ಲಿ ಮಾತ್ರ ಬೇಗ ಬಿಡುತ್ತಿದ್ದೆ.

ಮಳೆಗಾಲ ಅರ್ಧ ಮುಗಿಯುವಷ್ಟರಲ್ಲಿ ಹದಿನಾಲ್ಕು ಬಾಯಿ ಒಂದೇ ಬಾಯಿಯ ಹಾಗೆ ಹಾಡತೊಡಗಿದವು. ಪೂಜೆಯಲ್ಲಿ ಜನ ತಿರುಗಿ ನೋಡಿದರು. ನನ್ನ ಜೊತೆ ಕುಯ್ಲು ಮಾಡಿದ್ದ ಒಬ್ಬಳು ಹೊರಗೆ ಸಿಕ್ಕಿ, "ಎಂತ ಮಾರಾಯ್ತಿ, ಸಿಸ್ಟರ್ ಇದ್ದಾಗ ಇವು ಬೆಕ್ಕಿನ ಹಾಗೆ ಕಿರುಚ್ತಿದ್ವು. ನೀನು ಎಂತ ತಿನ್ನಿಸ್ತಿ ಇವಕ್ಕೆ?" ಎಂದಳು.

"ಏಟು" ಎಂದೆ. ಇಬ್ಬರೂ ನಕ್ಕೆವು. ತಂದೆತಾಯಂದಿರೂ ನಕ್ಕರು. ಇನ್ನೆರಡು ಹೆಚ್ಚು ಕೊಡಿ ಎಂದವರೇ ಎಲ್ಲರೂ. ಬೇಡ ಎಂದವರು ಒಬ್ಬರಿಲ್ಲ.

ಆ ಹದಿನಾಲ್ಕರಲ್ಲಿ ಹನ್ನೊಂದು ವರ್ಷದ ಒಂದು ಹುಡುಗಿ. ಪಕ್ಕದ ಎಸ್ಟೇಟಿನ ಲೈನಿನವಳು. ಅಪ್ಪ ಇಲ್ಲ. ತಾಯಿ ತೋಟದ ಕೆಲಸಕ್ಕೆ ಹೋಗುವವಳು, ನನಗೆ ದೊಡ್ಡಮ್ಮ ಎನ್ನುತ್ತಿದ್ದಳು, ನನ್ನೆದುರು ಒಂದು ಮಾತು ಜೋರಾಗಿ ಆಡಿದವಳಲ್ಲ. ಹುಡುಗಿಯೂ ಹಾಗೇ, ಮಾತು ಕಡಿಮೆ. ಆದರೆ ಹಾಡಿದರೆ ಮಿಕ್ಕ ಹದಿಮೂರು ಅವಳ ಹಿಂದೆ ಹೋಗುತ್ತಿದ್ದವು. ನಾನು ತಪ್ಪಿದರೂ ಅವಳು ತಪ್ಪುತ್ತಿರಲಿಲ್ಲ. ಆ ನಾಲ್ಕು ತಿಂಗಳಲ್ಲಿ ನನ್ನ ಕೋಲು ಮುಟ್ಟದ ಮಗು ಅವಳೊಬ್ಬಳೇ.

ಮಳೆ ಇಳಿಮುಖವಾಗುವ ಹೊತ್ತಿಗೆ ನಮ್ಮಲ್ಲಿ ತೆನೆ ಹಬ್ಬ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ತಂದು ಹಾಡುತ್ತಾ ಮಾತೆ ಮರಿಯಮ್ಮನವರಿಗೆ ಹಾಕುತ್ತಾರೆ. ಡೇರೆ, ಗೊಂಡೆ, ಬೇಲಿಯ ಮೇಲೆ ಬಿಟ್ಟದ್ದು, ಏನಾದರೂ ಸರಿ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ಒಯ್ಯುತ್ತಾರೆ. ವರ್ಷದಲ್ಲಿ ಮಕ್ಕಳ ಹಾಡೇ ಮುಖ್ಯವಾಗುವುದು ಆಗ ಮಾತ್ರ. ಹೂವಿನ ಹಾಡಿನಲ್ಲಿ ಆ ಹುಡುಗಿಯನ್ನು ನಡುವೆ ನಿಲ್ಲಿಸಬೇಕೆಂದು ನಾನು ಮೊದಲೇ ತೀರ್ಮಾನಿಸಿದ್ದೆ.

ಹೂವಿನ ದಿನಗಳಿಗೆ ಇನ್ನು ಐದು ದಿನ ಇರುವಾಗ ಅವಳು ಸಾಲು ಬಿಟ್ಟಳು.

ಚರ್ಚಿನ ಜಗಲಿಯಲ್ಲಿ ಕಲಿಸುತ್ತಿದ್ದೆ. ಹೂವಿನ ಹಾಡಿನ ಎರಡನೇ ಸಾಲಿಗೆ ಬಂದಾಗ ಎಲ್ಲರೂ ಮೇಲೆ ಹೋದರೆ ಅವಳು ಕೆಳಗಿಳಿದಳು. ಪದ ಅದೇ, ರಾಗ ಬೇರೆ. ಅವಳ ಆಚೀಚೆ ಇದ್ದವು ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ತೊದಲಿದವು. ನಾನು ಬೆಂಚಿಗೆ ಬಡಿದು ನಿಲ್ಲಿಸಿದೆ.

"ಎಂತ ಆಯ್ತು ನಿಂಗೆ? ಗಂಟಲು ಕೆಟ್ಟಿದೆಯಾ?"

"ಇಲ್ಲ ಅಜ್ಜಿ. ಇದನ್ನ ಹಿಂಗೂ ಹಾಡ್ತಾರೆ. ಅಮ್ಮನ ಫೋನಲ್ಲಿ ಕೇಳಿದೆ."

"ಕಲಿಸ್ತಿರೋದು ನಾನಾ, ನಿಮ್ಮಮ್ಮನ ಫೋನಾ?"

ಮಕ್ಕಳು ನಕ್ಕವು. ಅವಳು ನಗಲಿಲ್ಲ. ಇನ್ನೊಮ್ಮೆ ಶುರು ಮಾಡಿಸಿದೆ. ಅದೇ ಸಾಲಿಗೆ ಬಂದು ಮತ್ತೆ ಇಳಿದಳು.

"ಸಾಲು ಬಿಡಬೇಡ ಅಂದೆ."

"ಒಟ್ಟಿಗೆ ಹಾಡಿದ್ರೆ ಸರಿ ಆಗ್ತದೆ ಅಜ್ಜಿ. ಇವ್ರು ನನ್ನ ಕಡೆ ನೋಡದೆ ಹಾಡಿದ್ರೆ ಸಾಕು."

ಮೂರನೇ ಸಲ ಅವಳು ಕಣ್ಣು ಮುಚ್ಚಿಕೊಂಡು ಹಾಡಿದಳು. ಮತ್ತೆ ಇಳಿದಳು. ನಾಲ್ಕು ತಿಂಗಳು ಹೊಡೆದು ಹೊಡೆದು ಒಂದು ಮಾಡಿದ್ದನ್ನು ಇವಳೊಬ್ಬಳು ಒಡೆಯುತ್ತಿದ್ದಾಳೆ. ಅದೂ ನನ್ನೆದುರು, ನನ್ನ ಮಾತಿಗೆ ಮಾತು ಕೊಟ್ಟು. ಬಲಗೈಯಲ್ಲಿದ್ದ ಕೋಲನ್ನು ಬಿಟ್ಟು, ಅದೇ ಕೈಯಲ್ಲಿ ಅವಳ ಎಡಗೆನ್ನೆಗೆ ಹೊಡೆದೆ. ತಪ್ಪಿ ಬಿದ್ದ ಏಟಲ್ಲ. ನಲವತ್ತೈದು ವರ್ಷ ಕತ್ತಿ, ಗುದ್ದಲಿ, ಹೊರೆ ಹಿಡಿದ ಕೈ. ಅಂಗೈ ಪೂರ್ತಿಯಾಗಿ ಕಿವಿಯ ಮೇಲೆ ಕೂತಿತು. ತಗಡಿಗೆ ಹೊಡೆದ ಹಾಗೆ ಸದ್ದಾಯಿತು. ಹುಡುಗಿ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಕಂಬಕ್ಕೆ ತಾಗಿದಳು.

ಅಳಲಿಲ್ಲ. ಕಿವಿಗೆ ನೀರು ಹೊಕ್ಕರೆ ಮಾಡುವ ಹಾಗೆ ತಲೆ ಓರೆ ಮಾಡಿ ಅಲ್ಲಾಡಿಸಿದಳು. "ಗುಂಯ್ ಅಂತಿದೆ" ಎಂದಳು. ಕಿವಿಯಿಂದ ಒಂದು ಸಣ್ಣ ಎಳೆ ರಕ್ತ ಇಳಿದು ಯೂನಿಫಾರ್ಮಿನ ಕಾಲರಿಗೆ ಹತ್ತಿತು.

ಆಗ ನಾನು ಏನು ಮಾಡಬೇಕಿತ್ತೆಂದು ಎಲ್ಲರಿಗೂ ಗೊತ್ತು. ಮಾಡಿದ್ದು ಇದು: ಅವಳನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಸೆರಗಿನಿಂದ ಕತ್ತು ಒರೆಸಿ, ಕೋಲು ಎತ್ತಿಕೊಂಡು ಇನ್ನೆರಡು ಹಾಡು ಮುಗಿಸಿದೆ. ಹದಿಮೂರು ಮಕ್ಕಳು ಒಂದು ಕೂದಲೆಳೆಯೂ ತಪ್ಪದೆ ಹಾಡಿದವು.

ಮಾರನೇ ದಿನ ಅವಳು ಬರಲಿಲ್ಲ. ಅದೇ ಲೈನಿನ ಇನ್ನೊಂದು ಹುಡುಗಿ ಬಂದು ಹೇಳಿದಳು. ತಾಯಿ ಕೆಲಸ ಬಿಟ್ಟು ಪೇಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದಾಳೆ. ಕಿವಿಯ ತಮಟೆ ಹರಿದಿದೆಯಂತೆ. ಎರಡು ತಿಂಗಳಲ್ಲಿ ಕೂಡಿಕೊಂಡರೆ ಕೂಡಿಕೊಂಡಿತು, ಇಲ್ಲದಿದ್ದರೆ ಇಲ್ಲವಂತೆ. ನೀರು ತಾಗಬಾರದು, ಜೋರಾಗಿ ಸೀನಬಾರದು, ಅಲ್ಲಿಯವರೆಗೆ ಹಾಡಬಾರದು.

ಸಂಜೆ ಅವರ ಲೈನಿಗೆ ಹೋದೆ. ತಾಯಿ ಬಾಗಿಲ ಮುಂದೆ ಕತ್ತಿಯಿಂದ ಸೌದೆ ಸೀಳುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ.

"ಕೆನ್ನೆಗೆ ಹೊಡೀಬಾರದಿತ್ತು" ಎಂದೆ.

"ಹೂಂ."

"ಆದ್ರೆ ಅವಳೂ ಮೂರು ಸಲ ಹೇಳಿದ್ರೂ ಕೇಳ್ಲಿಲ್ಲ."

ಕತ್ತಿ ನಿಂತಿತು. "ಇನ್ನು ಕೇಳೋದೇ ಇಲ್ವೇನೋ ದೊಡ್ಡಮ್ಮ" ಎಂದಳು. ಮತ್ತೆ ಸೀಳತೊಡಗಿದಳು. ಚಕ್ಕೆ ಹಾರಿ ನನ್ನ ಕಾಲಿಗೆ ಬಿತ್ತು. ನಾನು ಸರಿಯಲಿಲ್ಲ, ಅವಳು ನಿಲ್ಲಿಸಲಿಲ್ಲ.

ಒಳಗೆ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಎಡಗಿವಿಯಲ್ಲಿ ಹತ್ತಿ. ಅದನ್ನು ನೋಡಿದ ಕೂಡಲೇ ನನ್ನ ಮೂಗಿಗೆ ಅಮ್ಮನ ಹಾಸಿಗೆಯ ವಾಸನೆ ಬಂತು. ನಿಲ್ಲಲಾಗದೆ ಹೊರಟು ಬಂದೆ.

ಹೂವಿನ ಮೊದಲ ದಿನ ಚರ್ಚು ತುಂಬಿತ್ತು. ಮಕ್ಕಳು ತಟ್ಟೆಗಳನ್ನು ಕಾಲ ಹತ್ತಿರ ಇಟ್ಟುಕೊಂಡು ಸಾಲಾಗಿ ನಿಂತಿದ್ದವು. ಪೂಜೆಯ ಹೊತ್ತಿನಲ್ಲಿ ಕೋಲು ಬಡಿಯುವ ಹಾಗಿಲ್ಲ, ಅದಕ್ಕೆ ಕೈಯೆತ್ತಿ ಶುರು ಮಾಡಿಸುವುದು ನನ್ನ ಪದ್ಧತಿ. ಫಾದರ್ ತಲೆಯಾಡಿಸಿದರು. ನಾನು ಬಲಗೈ ಎತ್ತಿದೆ.

ಹದಿಮೂರು ಮಕ್ಕಳೂ ಒಟ್ಟಿಗೆ ಎರಡು ಕೈಯಿಂದ ಕಿವಿ ಮುಚ್ಚಿಕೊಂಡು ಬಗ್ಗಿದವು.

ಯಾರೂ ಹೇಳಿಕೊಟ್ಟದ್ದಲ್ಲ. ನಾಲ್ಕು ತಿಂಗಳಲ್ಲಿ ಅವು ಅಷ್ಟು ಒಟ್ಟಾಗಿ ಯಾವ ಹಾಡನ್ನೂ ಶುರು ಮಾಡಿರಲಿಲ್ಲ. ನನ್ನ ಕೈ ಹಾಗೇ ಮೇಲಿತ್ತು.

ಹಿಂದಿನ ಬೆಂಚಿನಿಂದ ಆ ತಾಯಿ ಎದ್ದು ಬಂದಳು. ಕೈಯಲ್ಲಿ ಡೇರೆ ಹೂವಿನ ತಟ್ಟೆ. ಮಗಳ ಬದಲಿಗೆ ತಾನೇ ಹೂ ಹಾಕಲು ತಂದಿದ್ದಳೆಂದು ಕಾಣುತ್ತದೆ. ತಟ್ಟೆಯನ್ನು ಪೀಠದ ಮೆಟ್ಟಿಲ ಮೇಲೆ ಇಟ್ಟಳು. ನನ್ನೆದುರು ಬಂದು ನಿಂತು, ಎಡಗಿವಿಗೆ ಸರಿಯಾಗಿ ಒಂದು ಹೊಡೆದಳು. ಅವಳದೂ ತೋಟದ ಕೈ. ನಾನು ಮುಂದಿನ ಬೆಂಚಿನ ಮೇಲೆ ಬಿದ್ದೆ. ಬೆಂಚಿನ ಮೂಲೆ ಪಕ್ಕೆಗೆ ಹೊಡೆಯಿತು.

"ಈಗ ಹಾಡ್ಸಿ" ಎಂದಳು. ಹೊಡೆದ ಮೇಲೂ ಬಹುವಚನ ಬಿಡಲಿಲ್ಲ.

ಇಬ್ಬರು ಗಂಡಸರು ಓಡಿ ಬಂದು ಅವಳ ತೋಳು ಹಿಡಿದರು. ಒಬ್ಬ ಅವಳನ್ನು ತಳ್ಳಿದ, ಅವಳು ಅವನ ಕೈ ಕಚ್ಚಿದಳು. ತಟ್ಟೆ ಉರುಳಿ ಹೂವೆಲ್ಲ ಕಾಲಡಿಗೆ ಬಂತು. ನಾನು ಎದ್ದು, "ಬಿಡ್ರೋ ಅವಳನ್ನ" ಎಂದೆ. ನನ್ನ ದನಿ ನನಗೇ ಬಾವಿಯ ಒಳಗಿನಿಂದ ಬಂದ ಹಾಗೆ ಕೇಳಿಸಿತು. ಬಿಟ್ಟರು. ಅವಳು ಕೂತು ಹೂ ಆರಿಸಿ ತಟ್ಟೆಗೆ ಹಾಕಿಕೊಂಡು ಮರಿಯಮ್ಮನವರ ಮುಂದೆ ಇಟ್ಟು ಹೋದಳು.

ಆಮೇಲೆ ಹಾಡಿಸಿದೆ. ಕಿವಿ ಗುಂಯ್‌ಗುಟ್ಟುತ್ತಿದ್ದುದರಿಂದ ಎಷ್ಟು ಎತ್ತರಕ್ಕೆ ಶುರು ಮಾಡಿದೆನೆಂದು ತಿಳಿಯಲಿಲ್ಲ. ಎರಡನೇ ಸಾಲಿಗೆ ಮಕ್ಕಳ ಗಂಟಲು ಒಡೆಯಿತು. ಆದರೂ ಒಂದೂ ನಿಲ್ಲಿಸಲಿಲ್ಲ. ಹೆದರಿಕೆ.

ಪೂಜೆ ಮುಗಿದ ಮೇಲೆ ಫಾದರ್ ನನ್ನನ್ನು ಒಳಗೆ ಕರೆದರು. "ಚರ್ಚಿನೊಳಗೆ ಹೀಗೆ ಮಾಡಬಾರದಿತ್ತು. ಅವರಿಂದ ನಿಮ್ಮ ಹತ್ರ ಕ್ಷಮೆ ಕೇಳಿಸ್ತೇನೆ" ಎಂದರು.

"ನಾನು ಚರ್ಚಿನ ಜಗಲಿಯಲ್ಲಿ ಹೊಡೆದಾಗ ನನ್ನಿಂದ ಕೇಳಿಸಿದ್ರಾ ಫಾದರ್?"

ಕೋಲು ಅವರೂ ನೋಡಿದ್ದರು, ಸದ್ದು ಅವರ ಕೋಣೆಗೂ ಕೇಳುತ್ತಿತ್ತು. ನನ್ನ ಕೋಲನ್ನು ಅಡಿಗೆಯವಳಿಗೆ ಕೊಟ್ಟು ಒಲೆಗೆ ಹಾಕಿಸಿದರು. ನನ್ನ ಬದಲಿಗೆ ಹಾಡಿಸಲಿಕ್ಕೆ ಬೇರೆ ಜನ ಇರಲಿಲ್ಲ, ಹಾಗಾಗಿ ಒಂಬತ್ತು ದಿನವೂ ನಾನೇ ಹಾಡಿಸಿದೆ. ಕೈಯೆತ್ತದೆ, ತಲೆಯಾಡಿಸಿ.

ಹಬ್ಬದ ದಿನ ಸಿಸ್ಟರ್ ಚಿಕ್ಕಮಗಳೂರಿನಿಂದ ತಮ್ಮ ಮಕ್ಕಳನ್ನು ವ್ಯಾನಿನಲ್ಲಿ ಕರೆದುಕೊಂಡು ಬಂದರು. ತೆನೆಯ ಆಶೀರ್ವಾದ ಆದ ಮೇಲೆ ಆ ಮಕ್ಕಳು ಹಾಡಿದವು. ಅದೇ ಹೂವಿನ ಹಾಡು. ಎರಡನೇ ಸಾಲಿಗೆ ಬಂದಾಗ ಬಲಗಡೆಯ ಮಕ್ಕಳು ಮೇಲೆ ಹೋದವು, ಎಡಗಡೆಯವು ಕೆಳಗಿಳಿದವು. ನಾನು ಪಕ್ಕದಲ್ಲಿದ್ದ ಸಿಸ್ಟರಿನ ತೋಳು ಮುಟ್ಟಿದೆ.

"ಸಿಸ್ಟರ್, ಆ ಕಡೆಯವು ತಪ್ಪು ಹಾಡ್ತಿದಾವೆ."

ಅವರು ನಕ್ಕರು. "ಇಲ್ಲ ಅಜ್ಜಿ, ಅದು ಎರಡನೇ ದನಿ. ಬೇಕಂತಲೇ ಹಾಗೆ ಹಾಡಿಸೋದು. ಎರಡೂ ಸೇರಿದ್ರೆ ಹಾಡು ತುಂಬ್ತದೆ. ಕೇಳಿ ನೋಡಿ."

ಗುಂಯ್‌ಗುಟ್ಟದ ಕಿವಿಯನ್ನು ಆ ಕಡೆ ತಿರುಗಿಸಿ ಕೇಳಿದೆ. ಹುಡುಗಿ ಜಗಲಿಯಲ್ಲಿ ಮೂರು ಸಲ ಹಾಡಿದ್ದು ಅದನ್ನೇ. ಒಂದು ತಿರುವೂ ಬೇರೆಯಿರಲಿಲ್ಲ. ಅವಳು ಸಾಲು ಬಿಟ್ಟಿರಲಿಲ್ಲ. ಪಕ್ಕದ ಸಾಲು ಹಿಡಿದು ಅದೇ ಗುಡ್ಡ ಹತ್ತುತ್ತಿದ್ದಳು. ತೋಟದಲ್ಲಿ ನಾನು ನಲವತ್ತೈದು ವರ್ಷ ದಿನಾ ನೋಡಿದ್ದು ಅದನ್ನೇ ಅಲ್ಲವೇ? ಹತ್ತು ಹೆಂಗಸರು ಹತ್ತು ಸಾಲಿನಲ್ಲಿ ಹತ್ತಿದರೆ ಮೇಲಿನ ರಸ್ತೆಯಲ್ಲಿ ಎಲ್ಲರೂ ಸೇರುತ್ತಾರೆ. ಎಲ್ಲರನ್ನೂ ಒಂದೇ ಗಿಡದ ಬುಡಕ್ಕೆ ನಿಲ್ಲಿಸಿ ಕೋಲು ಹಿಡಿದು ನಿಂತವಳು ನಾನು.

ನಾಚಿಕೆಗಿಂತ ಮೊದಲು ಸಿಟ್ಟು ಬಂತು. ನಗುತ್ತಿದ್ದ ಸಿಸ್ಟರಿನ ಮುಖಕ್ಕೇ ಹೊಡೆಯಬೇಕೆನಿಸಿತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು. ಹುಡುಗಿ ಹೇಳಿದ್ದಳು ಎಂಬುದು ಆಮೇಲೆ ನೆನಪಾಯಿತು.

ಅರೇಬಿಕಾ ಕುಯ್ಲು ಶುರುವಾದಾಗ ಎರಡು ತಿಂಗಳು ಮುಗಿದಿತ್ತು. ಡಾಕ್ಟರು ಏನು ಹೇಳಿದರೆಂದು ಕೇಳಲು ಮತ್ತೆ ಲೈನಿಗೆ ಹೋದೆ. ತಾಯಿ ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು.

"ಕೂಡಿಲ್ಲ" ಎಂದಳು. "ದೊಡ್ಡ ಆಸ್ಪತ್ರೆಲಿ ಆಪರೇಷನ್ ಮಾಡಿಸಿದ್ರೆ ಆ ಕಿವಿ ಸ್ವಲ್ಪ ಕೇಳಿಸಬಹುದಂತೆ. ಇನ್ನೂ ಬೆಳೀಲಿ ಅಂದ್ರು. ಗಾಯ ಒಣಗಿದೆ. ಹಾಡ್ಬಹುದಂತೆ."

ಹುಡುಗಿ ಬಾಗಿಲಿಗೆ ಬಂದು ನಿಂತಳು. ನಾನು ಅವಳ ಬಲಗಡೆಗೆ ಹೋಗಿ ಹೇಳಿದೆ, "ನೀನು ಹಾಡಿದ್ದು ಸರಿ ಇತ್ತು. ನಂಗೆ ಗೊತ್ತಿರ್ಲಿಲ್ಲ."

"ನಾನು ಹೇಳಿದ್ನಲ್ಲ" ಎಂದಳು.

"ಹೇಳಿದ್ದೆ."

"ಮತ್ತೆ?"

"ಬಂದು ಆ ಎರಡನೇ ದನಿಯನ್ನ ಮಕ್ಕಳಿಗೆ ನೀನೇ ಕಲಿಸು. ನಂಗೆ ಬರಲ್ಲ" ಎಂದೆ. ಅವಳು ತಾಯಿಯ ಮುಖ ನೋಡಿದಳು.

ತಾಯಿ ಚೊಂಬನ್ನು ಕೆಳಗಿಟ್ಟಳು. "ಅವಳಿಗೆ ಆಸೆ ಇದೆ, ಬರ್ತಾಳೆ. ನಾನೂ ಬಂದು ಕೂತ್ಕೋತೀನಿ. ನಿಮ್ಮ ಕೈ ಯಾವ ಮಗು ಮೇಲೆ ಎದ್ರೂ ಸರಿ ದೊಡ್ಡಮ್ಮ, ನಾನು ಕಡೀತೀನಿ."

ಅವಳು ಮಾತಿಗೆ ಹೇಳಿದ್ದಲ್ಲ ಎಂದು ನನಗೆ ಗೊತ್ತು. ಕೆಲಸದಿಂದ ನೇರವಾಗಿ ಚರ್ಚಿಗೆ ಬರುತ್ತಾಳೆ, ಜಗಲಿಯ ಕೊನೆಯ ಮೆಟ್ಟಿಲ ಮೇಲೆ ಕೂರುತ್ತಾಳೆ, ಕತ್ತಿ ಮಡಿಲಲ್ಲಿರುತ್ತದೆ. ನಾನು ಬಲಗೈಯಲ್ಲಿ ಹಾಡಿನ ಪುಸ್ತಕ ಹಿಡಿದುಕೊಂಡೇ ಇರುತ್ತೇನೆ, ಓದಲಿಕ್ಕಲ್ಲ. ಎರಡು ಸಲ ಪುಸ್ತಕ ಕೆಳಗೆ ಬಿದ್ದಿದೆ. ಎರಡು ಸಲವೂ ಅವಳು ಎದ್ದು ನಿಂತಿದ್ದಾಳೆ. ಎರಡು ಸಲವೂ ನಾನು ಬಗ್ಗಿ ಪುಸ್ತಕ ಎತ್ತಿಕೊಂಡಿದ್ದೇನೆ.

ಹುಡುಗಿ ಈಗ ನಡುವೆ ನಿಲ್ಲುವುದಿಲ್ಲ. ನಾನು ಸಾಲಿನ ಎಡತುದಿಯಲ್ಲಿ ನಿಲ್ಲುವವಳು, ಅವಳು ಬಂದು ನನ್ನ ಪಕ್ಕದಲ್ಲೇ ನಿಂತಳು. ಮೊದಲ ದಿನ ನನಗೆ ಸ್ವಲ್ಪ ಸಮಾಧಾನವಾಯಿತು. ಹತ್ತಿರ ಬಂದಳಲ್ಲ ಎಂದುಕೊಂಡೆ. ಆಮೇಲೆ ಗೊತ್ತಾಯಿತು. ಅಲ್ಲಿ ನಿಂತರೆ ಮಕ್ಕಳೆಲ್ಲ ಅವಳ ಬಲಗಿವಿಯ ಕಡೆ ಇರುತ್ತವೆ. ನಾನು ಎಡಗಿವಿಯ ಕಡೆ. ನಾನು ಏನು ಹೇಳಿದರೂ, ಎಷ್ಟು ಜೋರಾಗಿ ಶುರು ಮಾಡಿದರೂ ಮಕ್ಕಳ ದನಿಯ ನಡುವೆ ಆ ಕಡೆಯಿಂದ ಅವಳಿಗೆ ಏನೂ ಮುಟ್ಟುವುದಿಲ್ಲ. ತಿರುಗಿಯೂ ನೋಡುವುದಿಲ್ಲ. ಮಕ್ಕಳ ಹಾಡನ್ನು ಹಿಡಿದುಕೊಂಡು ಎರಡನೇ ಸಾಲಿಗೆ ಬಂದಾಗ ಇಳಿಯುತ್ತಾಳೆ.

ಈವರೆಗೆ ಒಂದು ದಿನವೂ ತಪ್ಪಿಲ್ಲ.